ಮಕ್ಕಳ ಫೆರಿಟಿನ್‌ಗೆ ರೆಫರೆನ್ಸ್ ರೇಂಜ್ ಕಟ್ಟುವುದು ಹೇಗೆ: ಲ್ಯಾಬಿನವರಿಗೆ ಒಂದು ಮಾರ್ಗದರ್ಶಿ

ಒಂದೂವರೆ ವರ್ಷದ ಗಂಡು ಮಗು. ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣದ ಉಗ್ರಾಣ ಎಷ್ಟು ತುಂಬಿದೆ ಎಂದು ಹೇಳುವ ರಕ್ತದ ಅಂಕಿ, 22. ಪಕ್ಕದ ಕಾಲಂನಲ್ಲಿ 30–400 ಎಂದು ಅಚ್ಚಾಗಿತ್ತು. 22ರ ಮುಂದೆ ದಪ್ಪ ಅಕ್ಷರದಲ್ಲಿ ‘ಕಡಿಮೆ’. ಮಗುವಿನ ಅಪ್ಪ ರಿಪೋರ್ಟ್ ಹಿಡಿದು ಕೌಂಟರಿಗೆ ಬಂದಾಗ ನಾನೇ ಅಲ್ಲಿದ್ದೆ. ‘ನಾನೂರು ಇರಬೇಕಾದದ್ದು ಇಪ್ಪತ್ತೆರಡಕ್ಕೆ ಇಳಿದುಬಿಟ್ಟಿದೆಯಲ್ಲ, ರಕ್ತ ಹಾಕಿಸಬೇಕಾ?’ ಎಂದು ಕೇಳಿದರು. ಏನು ಹೇಳಬೇಕೋ ತಕ್ಷಣಕ್ಕೆ ತೋಚಲಿಲ್ಲ.

30–400 ಬೆಳೆದ ಗಂಡಸರ ರೇಂಜ್. ಕಿಟ್ ಜೊತೆ ಬರುವ ಮಡಚಿದ ಹಾಳೆಯಿಂದ ಯಾರೋ ಅದನ್ನು ಸಾಫ್ಟ್‌ವೇರಿಗೆ ಇಳಿಸಿದ್ದರು. ಗಂಡು ಅಂದರೆ 30–400, ಹೆಣ್ಣು ಅಂದರೆ 13–150. ವಯಸ್ಸಿಗೆ ಜಾಗವೇ ಇರಲಿಲ್ಲ. ಅದೇ ತಿಂಗಳು ಒಂದು ತಿಂಗಳ ಹೆಣ್ಣು ಕೂಸಿನ ಫೆರಿಟಿನ್ 310 ಬಂದು ‘ಹೆಚ್ಚು’ ಎಂದು ಪ್ರಿಂಟ್ ಆಯಿತು. ಆ ವಯಸ್ಸಿಗೆ 310 ತೀರಾ ಮಾಮೂಲಿ. ಆಮೇಲೆ ಕೂತು ‘ಮಕ್ಕಳಿಗೆ ನಮ್ಮದೇ ರೇಂಜ್ ಮಾಡೋಣ’ ಎಂದು ಹೊರಟೆವು. ಅಂದುಕೊಂಡಷ್ಟು ಸುಲಭ ಇರಲಿಲ್ಲ. ಆ ದಾರಿಯಲ್ಲಿ ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಇಲ್ಲಿ ಬರೆದಿದ್ದೇನೆ. ಲ್ಯಾಬಿನವರು, ಪಿಜಿ ಓದುತ್ತಿರುವವರು ಇದರಂತೆ ಕೆಲಸ ಶುರುಮಾಡಬಹುದು. ಮಕ್ಕಳ ರಿಪೋರ್ಟ್ ಓದುವ ಅಪ್ಪ ಅಮ್ಮಂದಿರಿಗೂ ಒಂದೆರಡು ವಿಷಯ ಸಿಗಬಹುದು.

ಯೂನಿಟ್ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಲೀಟರಿಗೆ ಮೈಕ್ರೋಗ್ರಾಂ ಎಂದರೂ, ಮಿಲಿಲೀಟರಿಗೆ ನ್ಯಾನೋಗ್ರಾಂ ಎಂದರೂ ಅಂಕಿ ಒಂದೇ. ಮುಂದೆ ಬರೀ ಅಂಕಿ ಬರೆಯುತ್ತೇನೆ.

ಹೆಜ್ಜೆ 1: ಎರಡು ಗೆರೆಗಳನ್ನು ಬೇರೆ ಮಾಡಿ

ಎಲ್ಲಕ್ಕಿಂತ ಜಾಸ್ತಿ ಎಡವುವುದು ಇಲ್ಲೇ. ರೆಫರೆನ್ಸ್ ರೇಂಜ್ ಅಂದರೆ ಆರೋಗ್ಯವಾಗಿ ಕಾಣುವ ಮಕ್ಕಳಲ್ಲಿ ನಡುವಿನ 95% ಜನರ ಅಂಕಿ. ಕೆಳಗಿನ 2.5%, ಮೇಲಿನ 2.5% ಬಿಟ್ಟು ಉಳಿದದ್ದು. ಅದು ‘ಇರುವುದು ಎಷ್ಟು’ ಎಂದು ಹೇಳುತ್ತದೆ. ‘ಇರಬೇಕಾದದ್ದು ಎಷ್ಟು’ ಎಂದು ಹೇಳುವುದು ಇನ್ನೊಂದು ಗೆರೆ. ಅದಕ್ಕೆ ಡಿಸಿಷನ್ ಲಿಮಿಟ್ ಎನ್ನುತ್ತಾರೆ. ಈ ಗೆರೆಯಿಂದ ಕೆಳಗೆ ಹೋದರೆ ಡಾಕ್ಟರು ಏನಾದರೂ ಮಾಡಬೇಕು ಎಂದು ಅರ್ಥ.

ಸೋಡಿಯಂ, ಪೊಟ್ಯಾಸಿಯಂಗೆ ಈ ಎರಡೂ ಹೆಚ್ಚುಕಡಿಮೆ ಹತ್ತಿರ ಹತ್ತಿರ ಬರುತ್ತವೆ. ಫೆರಿಟಿನ್‌ಗೆ ಬರುವುದಿಲ್ಲ. ಊರಿನ ಮಕ್ಕಳಲ್ಲಿ ಮುಕ್ಕಾಲು ಪಾಲಿಗೆ ಹುಳುಕು ಹಲ್ಲಿದ್ದರೆ, ಎರಡು ಹುಳುಕು ಹಲ್ಲು ‘ನಾರ್ಮಲ್’ ಅಂತ ಬರೆಯುತ್ತೀರಾ?

ನಮ್ಮ ದೇಶದ ಲೆಕ್ಕ ನೋಡಿ. 2016–18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಮಕ್ಕಳ ತೋಳಿನ ರಕ್ತನಾಳದಿಂದ ರಕ್ತ ತೆಗೆದು ಫೆರಿಟಿನ್ ಅಳೆದಿದ್ದರು. 1ರಿಂದ 4 ವರ್ಷದವರಲ್ಲಿ 32%, 5ರಿಂದ 9 ವರ್ಷದವರಲ್ಲಿ 17%, 10ರಿಂದ 19 ವರ್ಷದವರಲ್ಲಿ 22% ಮಕ್ಕಳಿಗೆ ಕಬ್ಬಿಣದ ಕೊರತೆ ಇತ್ತು. ಈಗ ನೀವು ಅಂಗನವಾಡಿಗಳಿಗೆ ಹೋಗಿ, ಚೆನ್ನಾಗಿ ಆಡಿಕೊಂಡಿರುವ 120 ಮಕ್ಕಳನ್ನು ಸುಮ್ನೆ ಆರಿಸಿದಿರಿ ಅಂದುಕೊಳ್ಳಿ. ಆ ಲೆಕ್ಕದಲ್ಲಿ ಸುಮಾರು 38 ಮಕ್ಕಳ ಫೆರಿಟಿನ್ 12ಕ್ಕಿಂತ ಕೆಳಗಿರುತ್ತದೆ. 120 ಜನರಲ್ಲಿ ಕೆಳಗಿನ ಮಿತಿ ಅಂದರೆ ಕೆಳಗಿನಿಂದ ಮೂರನೇ ಅಂಕಿ. ಅದು 4 ಇರಬಹುದು, 5 ಇರಬಹುದು. ಅದನ್ನೇ ರಿಪೋರ್ಟಿನಲ್ಲಿ ಅಚ್ಚು ಹಾಕಿದರೆ, ಕಬ್ಬಿಣದ ಉಗ್ರಾಣ ಪೂರ್ತಿ ಖಾಲಿಯಾಗಿ ಫೆರಿಟಿನ್ 6ಕ್ಕೆ ಬಂದಿರುವ ಮಗು ‘ನಾರ್ಮಲ್’ ಆಗಿ ಮನೆಗೆ ಹೋಗುತ್ತದೆ.

ಇದು ನಮ್ಮಲ್ಲಿ ಮಾತ್ರ ಆಗುವ ಎಡವಟ್ಟು ಅಂದುಕೊಳ್ಳಬೇಡಿ. ಕೆನಡಾದ ಟೊರೊಂಟೊದಲ್ಲಿ ‘ಕ್ಯಾಲಿಪರ್’ ಎಂಬ ದೊಡ್ಡ ಯೋಜನೆ ಇದೆ. ಸಾವಿರಾರು ಆರೋಗ್ಯವಂತ ಮಕ್ಕಳ ರಕ್ತ ಕೂಡಿಸಿ ಮಕ್ಕಳ ರೇಂಜ್‌ಗಳನ್ನು ಕಟ್ಟಿದ್ದಾರೆ. ಅವರ 1ರಿಂದ 5 ವರ್ಷದವರ ಫೆರಿಟಿನ್ ರೇಂಜ್ ಸುಮಾರು 5ರಿಂದ 100. ಕೆಳಗಿನ 5 ನೋಡಿ! ಅಲ್ಲೂ ಹಾಲು ಮಾತ್ರ ಕುಡಿದು ಊಟ ಮಾಡದ ಎರಡು ವರ್ಷದ ಮಕ್ಕಳಿದ್ದಾರೆ ಅಲ್ವಾ.

ಹಾಗಾಗಿ ಕೆಳಗಿನ ಗೆರೆಗೆ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಇಟ್ಟುಕೊಳ್ಳಿ. 5 ವರ್ಷದ ಒಳಗಿನವರಿಗೆ 12ಕ್ಕಿಂತ ಕಡಿಮೆ ಇದ್ದರೆ ಕೊರತೆ, 5 ದಾಟಿದವರಿಗೆ 15ಕ್ಕಿಂತ ಕಡಿಮೆ ಇದ್ದರೆ ಕೊರತೆ. ಸೋಂಕು ಅಥವಾ ಉರಿಯೂತ ಇದ್ದಾಗ ಈ ಗೆರೆ ಮೇಲೆ ಸರಿಯುತ್ತದೆ. ಚಿಕ್ಕವರಿಗೆ 30, ದೊಡ್ಡವರಿಗೆ 70. 12 ಕೂಡ ತೀರಾ ಕೆಳಗಾಯಿತು ಎನ್ನುವವರಿದ್ದಾರೆ. 2021ರಲ್ಲಿ ಅಮೆರಿಕದ ಮಕ್ಕಳ ಅಂಕಿಗಳನ್ನು ಇಟ್ಟುಕೊಂಡು, ಯಾವ ಫೆರಿಟಿನ್‌ನಲ್ಲಿ ಹಿಮೋಗ್ಲೋಬಿನ್ ಇಳಿಯಲು ಶುರುವಾಗುತ್ತದೆ ಎಂದು ಹುಡುಕಿದಾಗ 1ರಿಂದ 5 ವರ್ಷದವರಿಗೆ ಸುಮಾರು 20 ಎಂದು ಬಂತು. ನನಗೆ ಈ ದಾರಿಯೇ ಹೆಚ್ಚು ಸರಿ ಅನಿಸುತ್ತದೆ. ದೇಹಕ್ಕೆ ಎಲ್ಲಿ ಕೊರತೆ ತಟ್ಟುತ್ತದೆ ಎಂದು ದೇಹವನ್ನೇ ಕೇಳಿದ ಹಾಗೆ.

ಹಾಗಾದರೆ ನಮ್ಮ ರೇಂಜ್ ಯಾತಕ್ಕೆ? ಮೇಲಿನ ಮಿತಿಗೆ, ಎಳೆ ಕೂಸುಗಳಿಗೆ, ಮತ್ತು ನಮ್ಮ ಮೆಷಿನ್‌ನಲ್ಲಿ ನಮ್ಮ ಮಕ್ಕಳ ಅಂಕಿ ಹೇಗೆ ಹರಡಿದೆ ಎಂದು ತಿಳಿಯಲು.

ಹೆಜ್ಜೆ 2: ವಯಸ್ಸನ್ನು ಎಲ್ಲಿ ಕತ್ತರಿಸಬೇಕು

ಮಗು ಹುಟ್ಟುವಾಗ ಬುತ್ತಿ ಕಟ್ಟಿಕೊಂಡು ಬರುತ್ತದೆ. ಕಬ್ಬಿಣದ ಹೆಚ್ಚಿನ ಪಾಲು ತಾಯಿಯಿಂದ ಬರುವುದು ಬಸಿರಿನ ಕೊನೆಯ ಮೂರು ತಿಂಗಳಲ್ಲಿ. ಅದಕ್ಕೇ ಅವಧಿಗೆ ಮುಂಚೆ ಹುಟ್ಟಿದವರ ಬುತ್ತಿ ಚಿಕ್ಕದು. ಹುಟ್ಟಿದ ಮೇಲೆ ಹಿಮೋಗ್ಲೋಬಿನ್ ತಾನಾಗಿಯೇ ಇಳಿಯುತ್ತದೆ. ಹಳೆಯ ಕೆಂಪು ಕಣ ಒಡೆದು ಬಿಡುಗಡೆಯಾದ ಕಬ್ಬಿಣ ಉಗ್ರಾಣ ಸೇರುತ್ತದೆ. ಹಾಗಾಗಿ ಮೊದಲ ಒಂದೆರಡು ತಿಂಗಳು ಫೆರಿಟಿನ್ ನೂರುಗಟ್ಟಲೆ ಇರುತ್ತದೆ. ನಾಲ್ಕರಿಂದ ಆರು ತಿಂಗಳ ಹೊತ್ತಿಗೆ ಬುತ್ತಿ ಮುಗಿಯುತ್ತಾ ಬರುತ್ತದೆ. ಆರು ತಿಂಗಳಿಂದ ಎರಡು ವರ್ಷ ಎಲ್ಲಕ್ಕಿಂತ ತಳಮಟ್ಟ. ಮೈ ಬೆಳೆಯುವ ವೇಗಕ್ಕೆ ಗಂಜಿ, ರಾಗಿ ಸರಿ ಸಾಲುವುದಿಲ್ಲ. ಶಾಲೆಯ ವಯಸ್ಸಿನಲ್ಲಿ ಅಂಕಿ ಒಂದು ಹದಕ್ಕೆ ನಿಲ್ಲುತ್ತದೆ. ಆಮೇಲೆ ಹುಡುಗ ಹುಡುಗಿಯರ ದಾರಿ ಬೇರೆ. ಹುಡುಗಿಯರದ್ದು ಮುಟ್ಟು ಶುರುವಾದ ಮೇಲೆ ಕೆಳಗೇ ಉಳಿಯುತ್ತದೆ, ಹುಡುಗರದ್ದು ಎತ್ತರ ಬೆಳೆಯುವ ಓಟ ಮುಗಿದ ಮೇಲೆ ಏರುತ್ತದೆ.

ಇಷ್ಟು ಗೊತ್ತಿದ್ದರೆ ಗುಂಪು ಮಾಡುವುದು ಸುಲಭ: 6 ತಿಂಗಳ ಒಳಗೆ (ಆದರೆ ಮೊದಲ ಎರಡು ವಾರವನ್ನು ಇದಕ್ಕೆ ಸೇರಿಸಬೇಡಿ), 6ರಿಂದ 11 ತಿಂಗಳು, 1ರಿಂದ 4 ವರ್ಷ, 5ರಿಂದ 12, ಆಮೇಲೆ ಹುಡುಗಿಯರು ಮತ್ತು ಹುಡುಗರು ಬೇರೆ ಬೇರೆ. ಒಟ್ಟು ಆರು ಗುಂಪು.

ಹೆಜ್ಜೆ 3: ನಿಮ್ಮ ಕೈಲಿ ಎಷ್ಟಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕಿ

ಲ್ಯಾಬುಗಳು ಒಪ್ಪಿರುವ ಸಿಎಲ್‌ಎಸ್‌ಐ ಮಾರ್ಗಸೂಚಿ, ಅಂದರೆ ಇಪಿ28, ಒಂದೊಂದು ಗುಂಪಿಗೂ ಕನಿಷ್ಠ 120 ಜನ ಬೇಕು ಎನ್ನುತ್ತದೆ. ಆರು ಗುಂಪಿಗೆ 720. ಅದೂ ಎಲ್ಲ ಜರಡಿ ಹಿಡಿದ ಮೇಲೆ ಉಳಿದವರು. ಜಿಲ್ಲಾ ಮಟ್ಟದ ಒಂದು ಲ್ಯಾಬಿಗೆ ಇದು ಆಗುಹೋಗದ ಮಾತು. ಎರಡು ಮೂರು ಮೆಡಿಕಲ್ ಕಾಲೇಜುಗಳು ಒಂದೇ ಮೆಷಿನ್ ಇಟ್ಟುಕೊಂಡು ಕೈ ಜೋಡಿಸಿದರೆ ಆದೀತು.

ಒಬ್ಬರೇ ಮಾಡುವುದಾದರೆ, ಬೇರೆಯವರು ಕಟ್ಟಿದ ರೇಂಜ್ ತಂದು ನಮಗೆ ಹೊಂದುತ್ತದಾ ಎಂದು ಪರೀಕ್ಷಿಸುವ ದಾರಿ ಇದೆ. ಗುಂಪಿಗೆ 20 ಮಕ್ಕಳು ಸಾಕು. 20ರಲ್ಲಿ ರೇಂಜ್‌ನಿಂದ ಹೊರಗೆ ಬಿದ್ದವರು ಇಬ್ಬರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಒಪ್ಪಿಕೊಳ್ಳಿ. ಮೂವರು ನಾಲ್ವರು ಇದ್ದರೆ ಇನ್ನೂ 20 ಮಕ್ಕಳನ್ನು ತಂದು ಮತ್ತೆ ನೋಡಿ. ಐವರು ಅಥವಾ ಹೆಚ್ಚಿದ್ದರೆ ಆ ರೇಂಜ್ ಬಿಟ್ಟುಬಿಡಿ.

ಇಲ್ಲೊಂದು ಕುಣಿಕೆ ಇದೆ. ಫೆರಿಟಿನ್‌ನ ರೇಂಜ್ ತುಂಬಾ ಅಗಲ. 5–100 ಎನ್ನುವ ಗೋಣಿಚೀಲದೊಳಗೆ ಕೊರತೆ ಇರುವ ಮಗುವೂ ಆರಾಮಾಗಿ ಹಿಡಿಸುತ್ತದೆ. 20ಕ್ಕೆ 20 ಒಳಗೇ ಬಂದವು ಎಂದು ಖುಷಿಪಡಬೇಡಿ. ಆ 20ರಲ್ಲಿ 12ರ ಕೆಳಗೆ ಎಷ್ಟಿವೆ, ನಡುವಿನ ಅಂಕಿ ಎಷ್ಟು ಎಂದು ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಹೆಜ್ಜೆ 4: ಯಾವ ಮಕ್ಕಳು

ವಾರ್ಡಿನಲ್ಲಿ ಮಲಗಿರುವ ಮಕ್ಕಳು ಬೇಡ. ಹಾಗಂತ ಬರೀ ರೇಂಜಿಗಾಗಿ ಮನೆಮನೆಗೆ ಹೋಗಿ ಕೂಸುಗಳಿಗೆ ಸೂಜಿ ಚುಚ್ಚುವುದೂ ಕಷ್ಟ. ಹರ್ನಿಯಾದಂಥ ಚಿಕ್ಕ ಆಪರೇಷನ್‌ಗೆ ಮೊದಲೇ ದಿನ ಗೊತ್ತುಮಾಡಿಕೊಂಡು ಬರುವ ಮಕ್ಕಳು ಒಳ್ಳೆ ಆಯ್ಕೆ. ಹೇಗೂ ರಕ್ತ ತೆಗೆಯುತ್ತಾರೆ, ಒಂದು ಮಿಲಿಲೀಟರ್ ಜಾಸ್ತಿ ತೆಗೆದರಾಯಿತು. ದೊಡ್ಡ ಮಕ್ಕಳಿಗೆ ಶಾಲೆಯ ಆರೋಗ್ಯ ಶಿಬಿರ.

ಪ್ರಶ್ನಾವಳಿ ಮಾಡುತ್ತೀರಲ್ಲ, ಅದನ್ನು ಆಡುಮಾತಿನಲ್ಲಿ ಮಾಡಿ. ಮೊದಲ ದಿನ ನಾವು ಕೇಳಿದ್ದು ಹೀಗೆ: ‘ಕಳೆದ ಎರಡು ವಾರದಲ್ಲಿ ಮಗುವಿಗೆ ಯಾವುದಾದರೂ ಕಾಯಿಲೆ ಇತ್ತಾ?’ ಒಬ್ಬ ತಾಯಿ ‘ಇಲ್ಲ ಸಾರ್, ಚೆನ್ನಾಗೇ ಇದಾನೆ’ ಅಂದರು. ಮಗುವಿನ ಮೂಗು ನಮ್ಮ ಕಣ್ಣೆದುರೇ ಸೋರುತ್ತಿತ್ತು. ‘ಶೀತ ಆಗಿದೆಯಲ್ಲ?’ ಎಂದರೆ, ‘ಅಯ್ಯೋ, ಅದು ಯಾವಾಗಲೂ ಇದ್ದಿದ್ದೇ ಅಲ್ವಾ!’ ಆಮೇಲೆ ಪ್ರಶ್ನೆಗಳನ್ನು ಒಡೆದೆವು. ಮೈ ಬಿಸಿಯಾಗಿತ್ತಾ? ಮೂಗು ಸೋರಿತ್ತಾ? ಭೇದಿ? ಕಿವಿ ನೋವು? ಇಂಜೆಕ್ಷನ್, ಲಸಿಕೆ ಏನಾದರೂ?

ಇಷ್ಟು ಪಟ್ಟು ಹಿಡಿದು ಕೇಳಲು ಕಾರಣ ಇದೆ. ಸೋಂಕು ಬಂದಾಗ ದೇಹ ಕಬ್ಬಿಣವನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತದೆ. ಫೆರಿಟಿನ್ ಏರುತ್ತದೆ. ನಿಜವಾಗಿ 9 ಇರುವ ಮಗು 35 ತೋರಿಸಬಹುದು. ಹಾಗಾಗಿ ಬಾಯಿಮಾತು ನಂಬಿ ಕೂರಬೇಡಿ, ಅದೇ ಸ್ಯಾಂಪಲ್‌ನಲ್ಲಿ ಸಿಆರ್‌ಪಿ ಮಾಡಿ. ಸಿಆರ್‌ಪಿ ಅಂದರೆ ಉರಿಯೂತ ಇದ್ದಾಗ ರಕ್ತದಲ್ಲಿ ಏರುವ ಪ್ರೋಟೀನ್; ಅದು ಲೀಟರಿಗೆ 5 ಮಿಲಿಗ್ರಾಂ ದಾಟಿದರೆ ಆ ಮಗುವನ್ನು ಪಟ್ಟಿಯಿಂದ ತೆಗೆಯಿರಿ. ಸಾಧ್ಯವಾದರೆ ಅಂಥದ್ದೇ ಇನ್ನೊಂದು ಪ್ರೋಟೀನ್ ಆದ ಎಜಿಪಿಯನ್ನೂ ಮಾಡಿ, ಅದಕ್ಕೆ ಮಿತಿ ಲೀಟರಿಗೆ 1 ಗ್ರಾಂ. ಸಿಆರ್‌ಪಿ ಕೆಲವೇ ದಿನದಲ್ಲಿ ಇಳಿದುಹೋಗುತ್ತದೆ. ಎಜಿಪಿ ಜ್ವರ ಬಿಟ್ಟು ವಾರಗಳಾದರೂ ಮೇಲೇ ಇರುತ್ತದೆ.

ಕಬ್ಬಿಣದ ಔಷಧಿಯದ್ದು ಇನ್ನೊಂದು ತಲೆನೋವು. ‘ಐರನ್ ಸಿರಪ್ ಕೊಡ್ತಿದೀರಾ?’ ಎಂದರೆ ‘ಇಲ್ಲ, ಟಾನಿಕ್ ಮಾತ್ರ’ ಎನ್ನುತ್ತಾರೆ. ಬಾಟಲಿ ತರಿಸಿ ನೋಡಿ. ಅಥವಾ ಕಕ್ಕಸು ಕಪ್ಪಗಾಗುತ್ತಾ ಎಂದು ಕೇಳಿ, ಆಗ ಸರಿಯಾದ ಉತ್ತರ ಸಿಗುತ್ತದೆ.

ಆದರೆ ಸರ್ಕಾರಿ ಯೋಜನೆಯ ಮಾತ್ರೆಗಳನ್ನು ಏನು ಮಾಡುವುದು? 2018ರಿಂದ ನಡೆಯುತ್ತಿರುವ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 6ರಿಂದ 59 ತಿಂಗಳ ಮಕ್ಕಳಿಗೆ ವಾರಕ್ಕೆ ಎರಡು ಸಲ 1 ಮಿಲಿಲೀಟರ್ ಸಿರಪ್, 5ರಿಂದ 9 ವರ್ಷದವರಿಗೆ ವಾರಕ್ಕೊಂದು ಗುಲಾಬಿ ಮಾತ್ರೆ, 10ರಿಂದ 19ರವರಿಗೆ ನೀಲಿ ಮಾತ್ರೆ. ಇವರನ್ನೆಲ್ಲ ತೆಗೆದರೆ ಸರ್ಕಾರಿ ಶಾಲೆಯ ಮಕ್ಕಳೇ ಉಳಿಯುವುದಿಲ್ಲ. ವಾರದ ಮಾತ್ರೆ ತಿನ್ನುವವರನ್ನು ಇಟ್ಟುಕೊಳ್ಳಬೇಕು, ಆದರೆ ಪ್ರತ್ಯೇಕವಾಗಿ ಗುರುತು ಹಾಕಬೇಕು ಎನ್ನುವುದು ನನ್ನ ಅಭಿಪ್ರಾಯ. ಚಿಕಿತ್ಸೆ ಅಂತ ದಿನಾ ಕಬ್ಬಿಣ ತೆಗೆದುಕೊಂಡವರು, ಕಳೆದ ಮೂರು ತಿಂಗಳಲ್ಲಿ ಅಂಥ ಕೋರ್ಸ್ ಮುಗಿಸಿದವರು, ರಕ್ತ ಹಾಕಿಸಿಕೊಂಡವರು ಹೊರಗೆ.

ಮುಂದಿನ ಜರಡಿ ಸಿಬಿಸಿ, ಅಂದರೆ ರಕ್ತಕಣಗಳ ಪೂರ್ತಿ ಎಣಿಕೆ. ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಪರಿಷ್ಕರಿಸಿದ ಮಿತಿಯಂತೆ ಹಿಮೋಗ್ಲೋಬಿನ್ 6ರಿಂದ 23 ತಿಂಗಳಿಗೆ 10.5, 2ರಿಂದ 4 ವರ್ಷಕ್ಕೆ 11, 5ರಿಂದ 11ಕ್ಕೆ 11.5 ಗ್ರಾಂ (ಡೆಸಿಲೀಟರಿಗೆ) ಇರಬೇಕು. ಅದಕ್ಕಿಂತ ಕೆಳಗಿದ್ದರೆ ಆ ಮಗುವನ್ನು ಪಟ್ಟಿಯಿಂದ ತೆಗೆದು ಡಾಕ್ಟರ ಹತ್ತಿರ ಕಳಿಸಿ. ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ತುಂಬಾ ಕಡಿಮೆ ಇದ್ದು ಕೆಂಪು ಕಣಗಳ ಎಣಿಕೆ ಜಾಸ್ತಿ ಇದ್ದರೆ ಥಲಸೀಮಿಯಾ ಮೈನರ್ (ಹುಟ್ಟಿನಿಂದ ಬಂದ ಹಿಮೋಗ್ಲೋಬಿನ್ ದೋಷದ ಸೌಮ್ಯ ರೂಪ) ಇರಬಹುದು, ಹಿಮೋಗ್ಲೋಬಿನ್ ವಿಧಗಳನ್ನು ಬಿಡಿಸಿ ತೋರಿಸುವ ಎಚ್‌ಪಿಎಲ್‌ಸಿ ಮಾಡಿಸಿ.

ಇಷ್ಟಾದ ಮೇಲೂ, ರಕ್ತಹೀನತೆ ಇಲ್ಲದೆ ಬರೀ ಉಗ್ರಾಣ ಖಾಲಿ ಇರುವ ಮಕ್ಕಳು ಒಳಗೆ ಉಳಿದಿರುತ್ತಾರೆ. ಅವರನ್ನು ಹಿಡಿಯಲು ರಕ್ತದಲ್ಲಿ ಕಬ್ಬಿಣದ ಸಾಗಾಟ ಹೇಗಿದೆ ಎಂದು ತೋರಿಸುವ ಟ್ರಾನ್ಸ್‌ಫೆರಿನ್ ರಿಸೆಪ್ಟರ್ ಅಥವಾ ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ನೋಡಿ. ‘ಫೆರಿಟಿನ್ 12ಕ್ಕಿಂತ ಕಡಿಮೆ ಇದೆ, ತೆಗೆದುಬಿಡೋಣ’ ಎಂದು ಮಾತ್ರ ಮಾಡಬೇಡಿ. ಉತ್ತರ ನೋಡಿಕೊಂಡು ಪ್ರಶ್ನೆ ಬರೆದ ಹಾಗಾಗುತ್ತದೆ, ಕೆಳಗಿನ ಮಿತಿ ತಾನಾಗಿಯೇ 12 ಬರುತ್ತದೆ.

ಹೆಜ್ಜೆ 5: ಒಪ್ಪಿಗೆ

ಎಥಿಕ್ಸ್ ಕಮಿಟಿಯ ಅನುಮತಿ ಇಲ್ಲದೆ ಒಂದು ಟ್ಯೂಬೂ ತೆಗೆಯಬೇಡಿ. ಅಪ್ಪ ಅಥವಾ ಅಮ್ಮನ ಲಿಖಿತ ಒಪ್ಪಿಗೆ ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನಿಯಮದಂತೆ 7ರಿಂದ 12 ವರ್ಷದ ಮಕ್ಕಳನ್ನು ಬಾಯಿಮಾತಿನಲ್ಲಿ ಕೇಳಬೇಕು, 12 ದಾಟಿದವರಿಂದ ಬರಹದಲ್ಲಿ ಪಡೆಯಬೇಕು. ಮಗು ಬೇಡ ಅಂದರೆ ಬೇಡ. ‘ಎಷ್ಟೊಂದು ರಕ್ತ ತೆಗೀತಾರೆ’ ಎನ್ನುವ ಅಜ್ಜಿಯರಿಗೆ ಲೆಕ್ಕ ಹೇಳಿ: 10 ಕೆಜಿ ಮಗುವಿನ ಮೈಯಲ್ಲಿ ಸುಮಾರು 750ರಿಂದ 800 ಮಿಲಿಲೀಟರ್ ರಕ್ತ ಇರುತ್ತದೆ. ನಾವು ತೆಗೆಯುವುದು 3, ಅಂದರೆ ಅರ್ಧ ಪರ್ಸೆಂಟೂ ಇಲ್ಲ.

ಹೆಜ್ಜೆ 6: ಸ್ಯಾಂಪಲ್ ಮತ್ತು ಮೆಷಿನ್

ಫೆರಿಟಿನ್‌ಗೆ ಖಾಲಿ ಹೊಟ್ಟೆ ಬೇಕಿಲ್ಲ. ಎರಡು ವರ್ಷದ ಮಗುವನ್ನು ಬೆಳಗಿನಿಂದ ಉಪವಾಸ ಕೂರಿಸಿ ಅಳಿಸಬೇಡಿ. ಜೊತೆಗೆ ಸೀರಂ ಐರನ್ ಮಾಡುವುದಿದ್ದರೆ ಮಾತ್ರ ಎಲ್ಲರದ್ದೂ ಬೆಳಿಗ್ಗೆ ಒಂದೇ ಹೊತ್ತಿಗೆ ತೆಗೆಯಿರಿ, ಅದು ದಿನದಲ್ಲೇ ಏರಿಳಿಯುತ್ತದೆ. ಸೀರಂ ಬೇರ್ಪಡಿಸಿ ಫ್ರಿಜ್‌ನಲ್ಲಿಟ್ಟರೆ ಫೆರಿಟಿನ್ ಒಂದು ವಾರ ಕೆಡುವುದಿಲ್ಲ. ಕೆಂಪು ಕಣ ಒಡೆದು ಕೆಂಪಾದ ಸ್ಯಾಂಪಲ್ ಬೇಡ. ತಲೆಕೂದಲು ಉದುರುತ್ತದೆ ಅಂತ ಬಯೋಟಿನ್ ನುಂಗುವ ಹದಿಹರೆಯದವರಿದ್ದಾರೆ. ಕೆಲವು ಕಿಟ್‌ಗಳಲ್ಲಿ ಅದು ಫೆರಿಟಿನ್ ಅನ್ನು ಸುಳ್ಳಾಗಿ ತಗ್ಗಿಸುತ್ತದೆ. ಕೇಳಿಬಿಡಿ.

ಒಂದೇ ಸೀರಂ ಅನ್ನು ಎರಡು ಕಂಪನಿಯ ಮೆಷಿನ್‌ಗೆ ಹಾಕಿದರೆ ಎರಡು ಅಂಕಿ ಬರುತ್ತದೆ. ಹಾಗಾಗಿ ಯಾವ ಮೆಷಿನ್, ಯಾವ ಕಿಟ್, ಅದರ ಕ್ಯಾಲಿಬ್ರೇಟರ್ ವಿಶ್ವ ಆರೋಗ್ಯ ಸಂಸ್ಥೆಯ ಯಾವ ಸ್ಟ್ಯಾಂಡರ್ಡ್‌ಗೆ ಹೊಂದಿಸಿದ್ದು ಎಂದು ಬರೆದಿಡಿ. ಇದಕ್ಕಿಂತ ದೊಡ್ಡ ತೊಂದರೆ ಕ್ಯೂಸಿಯಲ್ಲಿದೆ, ಅಂದರೆ ಮೆಷಿನ್ ಸರಿಯಾಗಿ ಓದುತ್ತಿದೆಯಾ ಎಂದು ದಿನಾ ನೋಡುವ ಪರೀಕ್ಷೆಯಲ್ಲಿ. ಅದಕ್ಕೆಂದು ಕೊಳ್ಳುವ, ಅಂಕಿ ಮೊದಲೇ ಗೊತ್ತಿರುವ ಕಂಟ್ರೋಲ್‌ಗಳ ಅಂಕಿ ಸಾಮಾನ್ಯವಾಗಿ ಮೇಲಿರುತ್ತದೆ, ನಮಗೆ ಜಗಳ ಇರುವುದು 12ರ ಹತ್ತಿರ. ಅಲ್ಲಿ ಮೆಷಿನ್ ಎಷ್ಟು ಅಲ್ಲಾಡುತ್ತದೆ ಎಂದು ಕೊಂಡ ಕಂಟ್ರೋಲ್ ಹೇಳುವುದೇ ಇಲ್ಲ. ನಾವು ಮಾಡಿದ್ದು ಇಷ್ಟೇ: ಪರೀಕ್ಷೆ ಮುಗಿದು ಉಳಿದ, ಫೆರಿಟಿನ್ ಕಡಿಮೆ ಇರುವ ಸೀರಂಗಳನ್ನು ಕೂಡಿಸಿ 12ರ ಆಸುಪಾಸಿನ ಒಂದು ಪೂಲ್ ಮಾಡಿ, ಚಿಕ್ಕ ಚಿಕ್ಕ ವಯಲ್‌ಗಳಲ್ಲಿ ಡೀಪ್ ಫ್ರೀಜರಿನಲ್ಲಿಟ್ಟು ದಿನಾ ಒಂದು ಓಡಿಸಿದೆವು. ಇದಕ್ಕೆ ಖರ್ಚೂ ಇಲ್ಲ.

ಹೆಜ್ಜೆ 7: ಲೆಕ್ಕ

ಸರಾಸರಿ ತೆಗೆದು ಎರಡು ಎಸ್‌ಡಿ (ಅಂಕಿಗಳ ಹರಡಿಕೆಯ ಅಳತೆ) ಕಳೆಯುವ ಹಳೆ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ಫೆರಿಟಿನ್ ಅಂಕಿಗಳಿಗೆ ಬಲಗಡೆ ಉದ್ದ ಬಾಲ ಇರುತ್ತದೆ. ಕಳೆದರೆ ಕೆಳಗಿನ ಮಿತಿ ಮೈನಸ್‌ಗೆ ಹೋಗುವುದೂ ಉಂಟು. ಮೊದಲು ಎಲ್ಲ ಅಂಕಿಗಳ ಲಾಗ್ ತೆಗೆದು, ತೀರಾ ಗುಂಪು ಬಿಟ್ಟು ನಿಂತವು ಯಾವುವು ಎಂದು ನೋಡಿ. ಸಿಕ್ಕ ತಕ್ಷಣ ಅಳಿಸಬೇಡಿ, ಆ ಮಗುವಿನ ಫಾರಂ ತೆಗೆದು ಕಾರಣ ಹುಡುಕಿ.

ಆಮೇಲೆ ಎಕ್ಸೆಲ್‌ನಲ್ಲಿ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ. 120 ಅಂಕಿ ಇದ್ದರೆ ಮೂರನೆಯದು ಕೆಳಗಿನ ಮಿತಿ, 118ನೆಯದು ಮೇಲಿನ ಮಿತಿ. ಅಷ್ಟೇ. ಆದರೆ ಆ ಮಿತಿಯನ್ನು ಎಷ್ಟು ನಂಬಬಹುದು ಎಂದೂ ಬರೆಯಬೇಕು. 120 ಜನರಿಗೆ ಕೆಳಗಿನ ಮಿತಿಯ 90% ಕಾನ್ಫಿಡೆನ್ಸ್ ಇಂಟರ್ವಲ್ ಒಂದನೇ ಅಂಕಿಯಿಂದ ಏಳನೆಯದರವರೆಗೆ, ಮೇಲಿನದ್ದು 114ರಿಂದ 120ರವರೆಗೆ.

ಸುಮ್ನೆ ಉದಾಹರಣೆಗೆ, ಕೆಳಗಿನ ಏಳು ಅಂಕಿ ಹೀಗಿವೆ ಎನ್ನಿ: 6, 8, 9, 11, 11, 12, 13. ಕೆಳಗಿನ ಮಿತಿ 9. ಅದರ ನಂಬಿಕೆಯ ಹರವು 6ರಿಂದ 13. ಅಂದರೆ 120 ಮಕ್ಕಳಿಗೆ ಸೂಜಿ ಚುಚ್ಚಿ ಬೆವರು ಹರಿಸಿದ ಮೇಲೂ ನೀವು ಹೇಳಬಹುದಾದದ್ದು ‘6ಕ್ಕೂ 13ಕ್ಕೂ ನಡುವೆ ಎಲ್ಲೋ’ ಎಂದು ಮಾತ್ರ. ಈ 9 ಹಿಡಿದುಕೊಂಡು 12 ತಪ್ಪು ಎಂದು ವಾದಕ್ಕೆ ನಿಲ್ಲಲು ಆಗುವುದಿಲ್ಲ.

ಲ್ಯಾಬಿನ ಕಂಪ್ಯೂಟರಿನಲ್ಲಿ ಬಿದ್ದಿರುವ ಸಾವಿರಾರು ಹಳೆ ರಿಪೋರ್ಟ್‌ಗಳಿಂದಲೇ ರೇಂಜ್ ತೆಗೆಯುವ ದಾರಿಯೂ ಇದೆ. ರಿಫೈನ್‌ಆರ್ ಎಂಬ ಪುಕ್ಕಟೆ ಪ್ರೋಗ್ರಾಂ ಇದಕ್ಕೆಂದೇ ಇದೆ. ಟಿಎಸ್‌ಎಚ್‌ನಂಥ ಎಲ್ಲರೂ ಮಾಡಿಸುವ ಪರೀಕ್ಷೆಗೆ ಚೆನ್ನಾಗಿ ನಡೆಯುತ್ತದೆ. ಮಕ್ಕಳಿಗೆ ಫೆರಿಟಿನ್ ಬರೆದುಕೊಡುವುದೇ ಕೊರತೆಯ ಅನುಮಾನ ಬಂದಾಗ. ಆ ರಾಶಿಯಲ್ಲಿ ಆರೋಗ್ಯವಂತರನ್ನು ಹುಡುಕುವುದು ಕಷ್ಟ. ನಾನಾಗಿದ್ದರೆ ಮಾಡುವುದಿಲ್ಲ.

ಹೆಜ್ಜೆ 8: ರಿಪೋರ್ಟಿನಲ್ಲಿ ಅಚ್ಚು ಹಾಕುವುದು

ನಾವು ಕೊನೆಗೆ ಮಾಡಿಕೊಂಡದ್ದು ಹೀಗೆ. ರೇಂಜ್ ಕಾಲಂನಲ್ಲಿ ಮಗುವಿನ ವಯಸ್ಸಿನ ರೇಂಜ್. ಅದರ ಕೆಳಗೆ ಒಂದು ಸಾಲು: ‘5 ವರ್ಷದ ಒಳಗೆ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣದ ಕೊರತೆ. ಸೋಂಕು ಇದ್ದರೆ 30ಕ್ಕಿಂತ ಕಡಿಮೆ. ಸಿಆರ್‌ಪಿ ಜೊತೆ ನೋಡಿ.’ 5 ದಾಟಿದವರಿಗೆ 15 ಮತ್ತು 70. ‘ಕಡಿಮೆ’ ಎಂಬ ದಪ್ಪ ಅಕ್ಷರ ಬೀಳುವುದು ಈ ಸಾಲಿನ ಅಂಕಿಯನ್ನು ನೋಡಿ, ರೇಂಜ್ ನೋಡಿ ಅಲ್ಲ. ‘ಹೆಚ್ಚು’ ಬೀಳುವುದು ಮಾತ್ರ ರೇಂಜ್ ನೋಡಿ. ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವ ಥಲಸೀಮಿಯಾ ಮಕ್ಕಳಿಗೆ ಈ ಯಾವ ಸಾಲೂ ಬೇಡ. ಅವರ ಡಾಕ್ಟರು ನೋಡುವ ಗೆರೆ 1000ದ ಹತ್ತಿರ ಇರುತ್ತದೆ.

ಮೆಷಿನ್ ಬದಲಾದರೆ, ಕಿಟ್ ಬದಲಾದರೆ 20 ಮಕ್ಕಳ ಪರೀಕ್ಷೆ ಮತ್ತೆ ಮಾಡಬೇಕು.

ಇಷ್ಟೆಲ್ಲ ಮಾಡಿಯೂ ಮೊದಲ ವಾರವೇ ಒಂದು ರಿಪೋರ್ಟ್ ತಪ್ಪಾಗಿ ಹೋಯಿತು. ಕೌಂಟರಿನಲ್ಲಿ ವಯಸ್ಸು ‘1’ ಎಂದು ಹೊಡೆದಿದ್ದರು. ಒಂದು ವರ್ಷವೋ ಒಂದು ತಿಂಗಳೋ ಎನ್ನುವ ಖಾನೆ ಖಾಲಿ ಇತ್ತು, ಸಾಫ್ಟ್‌ವೇರ್ ತಾನೇ ವರ್ಷ ಎಂದುಕೊಂಡಿತ್ತು. ಈಗ ಹನ್ನೆರಡು ವರ್ಷದ ಒಳಗಿನವರಿಗೆ ಹುಟ್ಟಿದ ದಿನಾಂಕ ಹಾಕದೆ ಬಿಲ್ಲೇ ಆಗದ ಹಾಗೆ ಮಾಡಿಸಿದ್ದೇವೆ. ತಾಯಿ ಕಾರ್ಡ್ ನೋಡಿ ಬರೆದುಕೊಳ್ಳುತ್ತಾರೆ.